ಗಾಯರಾಣದ ಲೆಕ್ಕ ಬರೆಯುವವರು ಯಾರು?

ಅಫಜಲಪುರ ತಾಲೂಕಿನ ಚೌಡಾಪುರದ ಸೀಮೆಯಲ್ಲಿ ಊರ ದನ ಮೇಯಲು ಬಿಟ್ಟ ಸರಕಾರಿ ಜಮೀನಿಗೆ ಗಾಯರಾಣ ಎನ್ನುತ್ತಾರೆ. ಹಳೆ ಮೈಸೂರಿನವರ ಬಾಯಲ್ಲಿ ಅದೇ ಗೋಮಾಳ. ಗಾಯರಾಣ ಮರಾಠಿಯಿಂದ ಬಂದ ಶಬ್ದ. ಅದನ್ನು ಅಪ್ಪಣೆಯಿಲ್ಲದೆ ಉತ್ತವರಿಗೆ ಅಂಟಿಕೊಂಡ ‘ಬಗರ್‌ಹುಕುಂ’ ಎಂಬ ಹೆಸರು ಫಾರ್ಸಿ ಕಚೇರಿಯದು. ಇಲ್ಲಿನ ಹುಲ್ಲುಗಾವಲಿನ ಚರಿತ್ರೆ ಬರೆಯಲು ಹೊರಟವನಿಗೆ ಕನ್ನಡವೊಂದೇ ಸಾಲದು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

1948ರವರೆಗೆ ಈ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು, ಸರಕಾರದ ಭಾಷೆ ಉರ್ದು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆಮೇಲೆ 1964ರ ಭೂಕಂದಾಯ ಕಾಯ್ದೆ, 1966ರ ನಿಯಮಗಳು ಬಂದವು. ನಿಯಮದ ಪ್ರಕಾರ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ಜಾಗ ಬಿಡಬೇಕು. ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ಅದೇ ಸರಕಾರ ಅಕ್ರಮ ಸಾಗುವಳಿಯನ್ನು ಸಕ್ರಮ ಮಾಡಲು 1991ರಲ್ಲಿ ನಮೂನೆ 50, ನಂತರ 53, 2018ರಲ್ಲಿ 57 ಎಂದು ಅರ್ಜಿ ಕರೆಯುತ್ತಲೇ ಬಂತು. ಅರ್ಜಿ ಹಾಕಿದವರಲ್ಲಿ ತುಂಡು ಭೂಮಿಯೂ ಇಲ್ಲದ ಬಡವರಿದ್ದಾರೆ, ಅವರನ್ನು ಕಳ್ಳರೆನ್ನಲಾಗದು.

ಹೀಗೆ ಹಂಚಿಹೋದ ಭೂಮಿಯಿಂದ ಯಾರಿಗೆ ಲಾಭವಾಯಿತು? ಇದನ್ನು ಲೆಕ್ಕ ಹಾಕಿ ತೋರಿಸಿದವರು ಎನ್.ಎಸ್. ಜೋಧಾ. ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯಲ್ಲಿದ್ದ ಈ ಅರ್ಥಶಾಸ್ತ್ರಜ್ಞರು ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ ಒಣಸೀಮೆಯ 80ಕ್ಕೂ ಹೆಚ್ಚು ಹಳ್ಳಿಗಳ ವಿವರ ಕೂಡಿಸಿ 1986ರಲ್ಲಿ ಪ್ರಕಟಿಸಿದರು. ಮೂರು ದಶಕಗಳಲ್ಲಿ ಊರೊಟ್ಟಿನ ಭೂಮಿ ಸರಿಸುಮಾರು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕರಗಿತ್ತು. ಬಡವರ ಹೆಸರಿನಲ್ಲಿ ಹಂಚಿದ್ದರಲ್ಲಿ ದೊಡ್ಡ ಪಾಲು ಉಳ್ಳವರ ಕೈ ಸೇರಿತ್ತು. ಸೌದೆ, ಮೇವು, ಕಾಯಿ ಎಂದು ಬಡವರು ಅಲ್ಲಿಂದ ತರುತ್ತಿದ್ದುದನ್ನು ಯಾವ ಕಚೇರಿಯೂ ವರಮಾನವೆಂದು ಬರೆದಿರಲಿಲ್ಲ. ಸಂಸ್ಥೆಯೊಂದು ವರ್ಷಗಟ್ಟಲೆ ಸಂಬಳ ಕೊಟ್ಟು ಹಳ್ಳಿಗಳನ್ನು ಎಣಿಸಿದ್ದರಿಂದ ಇಷ್ಟು ತಿಳಿಯಿತು.

ಅದಕ್ಕೆ ಮೊದಲು ಪಂಡಿತರ ಮಾತು ಬೇರೆಯೇ ಇತ್ತು. ಎಲ್ಲರದಾದ ಹುಲ್ಲುಗಾವಲನ್ನು ಎಲ್ಲರೂ ಮೇಯಿಸಿ ಹಾಳುಗೆಡವುತ್ತಾರೆ ಎಂದು 1968ರಲ್ಲಿ ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಬರೆದಿದ್ದರು. ಹಾಗೇನಿಲ್ಲ, ಜನ ತಾವೇ ಕಟ್ಟಳೆ ಮಾಡಿಕೊಂಡು ಕಾಯುತ್ತಾರೆ ಎಂದು ಹಲವು ದೇಶಗಳ ಉದಾಹರಣೆ ಕೊಟ್ಟ ಎಲಿನಾರ್ ಆಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಉತ್ತರ ಕರ್ನಾಟಕದವರು ಇದನ್ನು ನೊಬೆಲ್‌ಗಿಂತ ಮೊದಲೇ ಕಂಡವರು. 1984ರಲ್ಲಿ ಸರಕಾರದ ಪಾಲುದಾರಿಕೆಯಲ್ಲಿ ಹುಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ನೀಲಗಿರಿ ಬೆಳೆಯಲೆಂದು ಸುಮಾರು 30,000 ಹೆಕ್ಟೇರ್ ಭೂಮಿ ಗೊತ್ತುಮಾಡಲಾಯಿತು. ಅದರಲ್ಲಿ ಹಳ್ಳಿಗರು ಮೇವು, ಸೌದೆಗೆ ನಂಬಿದ್ದ ಭೂಮಿಯೂ ಇತ್ತು. ಸಮಾಜ ಪರಿವರ್ತನ ಸಮುದಾಯದವರೂ ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. ‘ಕಿತ್ತಿಕೋ-ಹಚ್ಚಿಕೋ’ ಎಂದೇ ಆ ಸತ್ಯಾಗ್ರಹಕ್ಕೆ ಹೆಸರು. 1991ರಲ್ಲಿ ಕಂಪನಿ ಮುಚ್ಚಿತು. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರೊಟ್ಟಿನ ಭೂಮಿಯ ಒತ್ತುವರಿ ತೆರವುಗೊಳಿಸಿ ಎಂದು ಎಲ್ಲ ರಾಜ್ಯಗಳಿಗೆ ಹೇಳಿತು. ಅದೇ ತಿಂಗಳು ಇಂಥ ಭೂಮಿಯ ಅಧ್ಯಯನಕಾರರ ಜಾಗತಿಕ ಸಮ್ಮೇಳನವೂ ಹೈದರಾಬಾದಿನಲ್ಲಿ ನಡೆದಿತ್ತು.

ಇನ್ನು ನಮ್ಮ ಜಿಲ್ಲೆಯ ಮಾತು. ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯವಿದೆ. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲೂಕಿನ ಕಡಗಂಚಿಯಲ್ಲಿದೆ. ಸ್ನಾತಕೋತ್ತರ ಓದು ಮುಗಿಸಿ ನೆಟ್ ಪರೀಕ್ಷೆಯಲ್ಲಿ ಮೇಲಿನ ಅಂಕ ಪಡೆದವರಿಗೆ ಯುಜಿಸಿ ಕೊಡುವ ಕಿರಿಯ ಸಂಶೋಧನಾ ವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಆ ವೇತನ ಸಿಗದವರ ಪಾಡು ಕಷ್ಟ. ಗಾಯರಾಣದ ಕೆಲಸ ಗ್ರಂಥಾಲಯದಲ್ಲಿ ಮುಗಿಯುವಂಥದಲ್ಲ. ಮುಂಗಾರಿನಲ್ಲಿ ಹೊಲಗಳಲ್ಲಿ ಪೈರು ನಿಂತಾಗ ದನ ಎಲ್ಲಿ ಮೇಯುತ್ತವೆ, ಹಿಂಗಾರಿ ರಾಶಿ ಮುಗಿದ ಮೇಲೆ ಕುರಿ ಹಿಂಡು ಯಾರ ಹೊಲದಲ್ಲಿ ತಂಗುತ್ತದೆ ಎಂದು ವರ್ಷವಿಡೀ ಜತೆಗೆ ನಡೆದು ನೋಡಬೇಕು. ಹೈದರಾಬಾದಿನ ಪತ್ರಾಗಾರದಲ್ಲಿ ಉರ್ದು ದಫ್ತರು ಬಿಚ್ಚಬೇಕು. ಇತಿಹಾಸ, ಅರ್ಥಶಾಸ್ತ್ರ, ಸಸ್ಯಶಾಸ್ತ್ರ ಮೂರೂ ಬೇಕಾಗುವ ಕೆಲಸವಿದು. ನೆಟ್ ಅರ್ಜಿಯಲ್ಲಿ ಗುರುತು ಹಾಕಬೇಕಾದ್ದು ಮಾತ್ರ ಒಂದೇ ವಿಷಯಕ್ಕೆ.

ಅವಸರವೂ ಇದೆ. ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತು ಹಳೆಯ ಪಹಣಿ ಓದಬಲ್ಲವರಿಗೆ, ಗಾಯರಾಣದ ಬಾಂದುಕಲ್ಲು ಎಲ್ಲಿತ್ತೆಂದು ಕಣ್ಣಾರೆ ಕಂಡು ಬಲ್ಲವರಿಗೆ ಈಗ 85 ದಾಟಿದೆ.