ಪತ್ತನಾಜೆಯ ಆಚೆಗೆ: ಯಕ್ಷಗಾನ ಕಲಾವಿದರ ಮಳೆಗಾಲ ಮತ್ತು ನೆರವಿನ ದಾರಿಗಳು

ಹಳ್ಳಿಯ ಕಲಾವಿದರಿಗೆ ಹಣಕಾಸಿನ ನೆರವು ಎಂದೊಡನೆ ಚರ್ಚೆ ಸರಕಾರದ ಅನುದಾನಕ್ಕೆ ಹೋಗಿ ನಿಲ್ಲುತ್ತದೆ. ಕರಾವಳಿಯ ಯಕ್ಷಗಾನದ ಮಟ್ಟಿಗೆ ಅಲ್ಲಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಬಯಲಾಟ ಮೇಳಗಳನ್ನು ನಡೆಸುತ್ತಿರುವುದು ಮುಖ್ಯವಾಗಿ ಹರಕೆ. ಆ ಹರಕೆ ಆಟವನ್ನು ಉಳಿಸಿತು, ಆದರೆ ಆಡುವವರನ್ನು ಅರ್ಧ ವರ್ಷ ಮಾತ್ರ ಸಾಕಿತು ಎಂಬುದು ಈ ಟಿಪ್ಪಣಿಯ ನಿಲುವು. ಉಳಿದರ್ಧ ವರ್ಷಕ್ಕೆ ಏನು ಮಾಡುತ್ತದೆ ಎಂದು ಕೇಳಿಯೇ ಯಾವ ಯೋಜನೆಯನ್ನಾದರೂ ಅಳೆಯಬೇಕು.

ಹರಕೆಯ ವ್ಯವಸ್ಥೆ ಹೀಗಿದೆ. ಮಗುವಾದರೆ, ಕಾಯಿಲೆ ವಾಸಿಯಾದರೆ, ವ್ಯಾಪಾರ ಕೈಹಿಡಿದರೆ ದೇವರ ಹೆಸರಲ್ಲಿ ಒಂದು ಆಟ ಆಡಿಸುತ್ತೇನೆಂದು ಮನೆಯವರು ಹೇಳಿಕೊಳ್ಳುತ್ತಾರೆ. ಮೇಳಕ್ಕೆ ನಿಗದಿಯಾದ ವೀಳ್ಯದ ಹಣ ಸಲ್ಲಿಸಿ, ಗದ್ದೆಯಲ್ಲೋ ಅಂಗಳದಲ್ಲೋ ರಂಗಸ್ಥಳಕ್ಕೆ ಜಾಗ ಕೊಟ್ಟು, ಕಲಾವಿದರಿಗೂ ಊರವರಿಗೂ ಊಟ ಹಾಕುತ್ತಾರೆ. ನೋಡುವವರಿಗೆ ಟಿಕೆಟ್ ಇಲ್ಲ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕಿನಲ್ಲಿ, ಕಟೀಲು ದೇವಸ್ಥಾನದ ಆರು ಮೇಳಗಳು ಬಹುಕಾಲ ಊರೂರು ಸುತ್ತಿ ತಿರುಗಾಟ ಮಾಡಿವೆ. ಉತ್ತರದ ಶೈಲಿಯಾದ ಬಡಗಿನಲ್ಲಿ ಮಂದಾರ್ತಿ ದೇವಸ್ಥಾನದ ಮೇಳಗಳದೂ ಇದೇ ಕ್ರಮ. ಎರಡು ಕಡೆಯೂ ಹರಕೆ ಹೊತ್ತವರು ತಮ್ಮ ಸರದಿಗೆ ವರ್ಷಗಟ್ಟಲೆ ಕಾಯುತ್ತಾರೆ. ನವೆಂಬರಿನಿಂದ ಮೇ ಕೊನೆಯವರೆಗೆ ಒಂದು ಮೇಳಕ್ಕೆ 180 ರಾತ್ರಿ ಎಂದಿಟ್ಟುಕೊಂಡರೂ, ಆರು ಮೇಳಗಳಿಂದ ಸಾವಿರ ಮೀರಿದ ಆಟಗಳಾಗುತ್ತವೆ. ಊರವರ ಹಣದಿಂದಲೇ ಇಷ್ಟೊಂದು ಪ್ರದರ್ಶನ ನಡೆಸುವ ರಂಗಭೂಮಿ ನಮ್ಮಲ್ಲಿ ಅಪರೂಪ. ಇದನ್ನು ಬರೀ ಭಕ್ತಿಯ ಆಚರಣೆಯೆಂದು ಬದಿಗಿಟ್ಟರೆ ಕರ್ನಾಟಕದ ಕಲಾಪೋಷಣೆಯ ಬಹುದೊಡ್ಡ ಭಾಗವೊಂದು ಲೆಕ್ಕದಿಂದಲೇ ಹೊರಗುಳಿಯುತ್ತದೆ.

ಹೋಲಿಕೆಗೆ ಡೇರೆ ಮೇಳಗಳಿವೆ. 1950ರ ದಶಕದಿಂದ ಬೆಳೆದ ಈ ಮೇಳಗಳು ಟಿಕೆಟ್ ಹಣವನ್ನು ನೆಚ್ಚಿಕೊಂಡವು. ಹೊಸ ಪ್ರಸಂಗಗಳನ್ನು, ತೆಂಕಿನಲ್ಲಿ ತುಳು ಪ್ರಸಂಗಗಳನ್ನೂ ತಂದವು. ದೊಡ್ಡ ದೊಡ್ಡ ಕಲಾವಿದರನ್ನು ಮನೆಮಾತಾಗಿಸಿದವು. ಟೀವಿ ಬಂದು ಪ್ರೇಕ್ಷಕರು ಕರಗಿದಾಗ ಅವುಗಳಲ್ಲಿ ಅನೇಕವು ನಿಂತುಹೋದವು. ಹರಕೆ ಮೇಳಗಳಿಗೆ ಆ ಪೆಟ್ಟು ತಟ್ಟಲಿಲ್ಲ. ಆದರೆ ಹಣ ಕೊಡುವವರು ಸೇವೆಗೆಂದು ಕೊಡುವಾಗ ಪ್ರಸಂಗದ ಆಯ್ಕೆಯೂ ಅದಕ್ಕೆ ತಕ್ಕಂತೆ ಕಿರಿದಾಗುತ್ತದೆ. ಕಟೀಲಿನ ತಿರುಗಾಟದಲ್ಲಿ ದೇವಿ ಮಹಾತ್ಮೆಯದೇ ಮೇಲುಗೈ. ಮಹಿಷಾಸುರನ ಪ್ರವೇಶಕ್ಕೆ ಊರೇ ಎದ್ದು ನಿಲ್ಲುವುದು ನಿಜ. ಕರ್ಣಪರ್ವದ ಅರ್ಥ ಹೇಳಬಲ್ಲವನಿಗೆ ಅವಕಾಶ ಕಡಿಮೆಯಾಗುವುದೂ ಅಷ್ಟೇ ನಿಜ. ಹೀಗಿದ್ದರೂ ಹರಕೆಯ ಪರವಾಗಿ ಒಂದು ಮಾತನ್ನು ಒತ್ತಿ ಹೇಳಬೇಕು. ಆಟವನ್ನು ಬೇಗ ಮುಗಿಸಬೇಕೆಂಬ ಕಾಲಮಿತಿಯ ಒತ್ತಡದಲ್ಲೂ ಕೋಡಂಗಿ, ಬಾಲಗೋಪಾಲರಿರುವ ಪೂರ್ವರಂಗವನ್ನು ಉಳಿಸಿಕೊಂಡಿರುವುದು ಬಹುತೇಕ ಈ ಮೇಳಗಳೇ. ಹೊಸಬರು ಹೆಜ್ಜೆ ಕಲಿಯುವುದು ಅಲ್ಲೇ.

ಇನ್ನು ಮಳೆಗಾಲ. ತುಳುವಿನ ಬೇಶ ತಿಂಗಳ ಹತ್ತನೆಯ ದಿನ, ಪತ್ತನಾಜೆಯಂದು, ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಕಲಾವಿದರ ಸಂಬಳ ಗೊತ್ತಾಗುವುದು ತಿರುಗಾಟದ ಲೆಕ್ಕದಲ್ಲಿ. ವರ್ಷದ ಲೆಕ್ಕ ಅಲ್ಲಿಲ್ಲ. ಮುಂದಿನ ತಿರುಗಾಟದ ಸಂಬಳಕ್ಕೆ ಮುಂಗಡ ಪಡೆದು ಮಳೆಗಾಲ ದಾಟುವ ರೂಢಿ ಹಳೆಯದು. ಹಾಗೆ ಪಡೆದವರು ಗೆಜ್ಜೆ ಕಟ್ಟುವಾಗಲೇ ಸಾಲಗಾರರು. ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಮನೆಮನೆಗೆ ಹೋಗಿ, ದೀಪ ಹಚ್ಚಿದ ಜಗಲಿಯಲ್ಲಿ ಒಂದು ತುಣುಕು ಆಡಿ ಕಾಣಿಕೆ ಪಡೆಯುತ್ತಾರೆ. ಹೆಸರಾದವರಿಗೆ, ವೇಷವಿಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಳೆಯ ಕೂಟಗಳಿವೆ. ಮುಂಬೈ, ಬೆಂಗಳೂರುಗಳಲ್ಲಿ ನೆಲೆಸಿದ ಕರಾವಳಿಯವರು ಕರೆಸುವ ಆಟಗಳಿವೆ. ಬಣ್ಣದ ಮನೆಯಾದ ಚೌಕಿಯಲ್ಲಿ ವೇಷಭೂಷಣ ಕಟ್ಟಿಕೊಡುವವರಿಗೆ, ಅಡುಗೆಯವರಿಗೆ, ಈಗಷ್ಟೇ ಸ್ತ್ರೀವೇಷಕ್ಕೆ ಬಂದ ಹುಡುಗನಿಗೆ ಇವು ಯಾವುವೂ ಇಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್‌ನಿಂದ ತಿರುಗಾಟ ನಡುವಲ್ಲೇ ನಿಂತಾಗ ಮಳೆಗಾಲ ಎರಡು ತಿಂಗಳು ಮೊದಲೇ ಬಂದಂತಾಯಿತು.

ಈ ಕೊರತೆಯನ್ನು ಮೊದಲು ಗಮನಿಸಿದ್ದು ಕಲಾಭಿಮಾನಿಗಳ ಸಂಘಟನೆಗಳು. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗ, ಕಲಾವಿದರಿಗೆ ವಿಮೆ, ವೈದ್ಯಕೀಯ ನೆರವು, ಮನೆ ಕಟ್ಟಿಕೊಡುವ ಕೆಲಸಗಳನ್ನು ಮಾಡುತ್ತ ಬಂದಿದೆ. ಭಾಗವತ ಪಟ್ಲ ಸತೀಶ್ ಶೆಟ್ಟಿಯವರು 2015ರಲ್ಲಿ ಆರಂಭಿಸಿದ ಟ್ರಸ್ಟ್ ಕೂಡ ಇದೇ ದಾರಿಯಲ್ಲಿದೆ. ಇವು ಪ್ರದರ್ಶನಕ್ಕೆ ಹಣ ಕೊಡುವುದಕ್ಕಿಂತ ಮನುಷ್ಯನಿಗೆ, ಅವನ ಮನೆಗೆ ಹಣ ಕೊಟ್ಟವು. ಈ ವ್ಯತ್ಯಾಸ ದೊಡ್ಡದು, ಅದಕ್ಕಾಗಿ ಅವರಿಗೆ ನಾವು ಋಣಿಗಳಾಗಿರಬೇಕು.

ಸರಕಾರದ ನೆರವು ಬೇರೆಯೇ ರೀತಿಯದು. ಯಕ್ಷಗಾನ ಅಕಾಡೆಮಿಯ, ಸಂಸ್ಕೃತಿ ಇಲಾಖೆಯ ಪ್ರಾಯೋಜನೆ ಮತ್ತೆ ಒಂದು ರಾತ್ರಿಯ ಆಟಕ್ಕೇ ಸಲ್ಲುತ್ತದೆ. ತಿಂಗಳು ತಿಂಗಳು ವ್ಯಕ್ತಿಗೆ ಸಿಗುವುದು ಮಾಸಾಶನ, ಅದು 58 ವರ್ಷ ತುಂಬಿದ ಮೇಲೆ. ಕಲಾಸೇವೆಗೆ ದಾಖಲೆಯನ್ನೂ ಕೊಡಬೇಕು: ಪ್ರಮಾಣಪತ್ರ, ಫೋಟೋ, ಪತ್ರಿಕೆಯ ತುಣುಕು. ಮೂವತ್ತು ವರ್ಷ ಚೌಕಿಯಲ್ಲಿ ಕಿರೀಟ ಕಟ್ಟಿದವರ ಫೋಟೋವನ್ನು ಯಾರೂ ತೆಗೆದಿರುವುದಿಲ್ಲ. ಕೇಂದ್ರದ ರೆಪರ್ಟರಿ ಅನುದಾನ ಗುರು–ಶಿಷ್ಯರಿಗೆ ತಿಂಗಳ ಲೆಕ್ಕದಲ್ಲೇ ಬರುತ್ತದೆ, ಆ ಮಟ್ಟಿಗೆ ಅದು ಸರಿಯಾದ ಕ್ರಮ. ಆದರೆ ಅದು ನೋಂದಾಯಿತ ಸಂಸ್ಥೆಯ ಮೂಲಕ ಬರಬೇಕು. ದೇವಸ್ಥಾನದ ಮೇಳದಲ್ಲಿ ಸಂಬಳಕ್ಕಿರುವ ಮೂವತ್ತೈದರ ವೇಷಧಾರಿ ಈ ಎರಡೂ ಬಾಗಿಲುಗಳ ಹೊರಗೇ ನಿಂತಿದ್ದಾನೆ.

ದಾರಿ ಇಲ್ಲದಿಲ್ಲ. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಲ್ಲಿ ಯಕ್ಷಗಾನ ಕಲಿಸುತ್ತಿದೆ. ಶಾಲೆ ತೆರೆಯುವುದೂ ಮೇಳ ನಿಲ್ಲುವುದೂ ಹೆಚ್ಚುಕಡಿಮೆ ಒಟ್ಟಿಗೇ ಆದ್ದರಿಂದ, ಮೇಳದ ಕಲಾವಿದರನ್ನು ಜೂನ್‌ನಿಂದ ಅಕ್ಟೋಬರ್‌ವರೆಗೆ ಗೌರವಧನದ ಮೇಲೆ ಊರಿನ ಶಾಲೆಗೆ ನೇಮಿಸುವುದು ಅಕಾಡೆಮಿಗೆ ಅಸಾಧ್ಯವೇನಲ್ಲ. ಕಲಿಸಲಾಗದವರಿಗೆ ವೀಳ್ಯದಿಂದಲೇ ಒಂದು ಮಳೆಗಾಲದ ನಿಧಿ ಕಟ್ಟಬಹುದು. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, ಆರು ಮೇಳಗಳ 1,080 ಆಟಗಳಲ್ಲಿ ಪ್ರತಿಯೊಂದಕ್ಕೂ 5,000 ರೂಪಾಯಿ ತೆಗೆದಿಟ್ಟಾಗ ವರ್ಷಕ್ಕೆ 54 ಲಕ್ಷ. ಮೇಳಕ್ಕೆ 40 ಮಂದಿಯಂತೆ 240 ಜನರಿಗೆ ಹಂಚಿದರೆ ತಲಾ 22,500, ಅಂದರೆ ಆರು ತಿಂಗಳ ಕಾಲ ತಿಂಗಳಿಗೆ 3,750 ರೂಪಾಯಿ. ಸಂಸಾರ ನಡೆಸಲು ಅದು ಸಾಲದು. ಸರಕಾರವೂ ಅಷ್ಟೇ ಸೇರಿಸಿದರೆ 7,500 ಆಗುತ್ತದೆ, ಮುಂಗಡ ಕೇಳಬೇಕಾದವರ ಸಂಖ್ಯೆ ಮೊದಲ ಮಳೆಗಾಲದಲ್ಲೇ ಇಳಿಯುತ್ತದೆ.