ರಕ್ತಪರೀಕ್ಷೆಯೂ ರೋಗನಾಮವೂ

ಪ್ರಾಚೀನ ಪಶುವೈದ್ಯಗ್ರಂಥಗಳನ್ನು ಪರಿಶೀಲಿಸುವವರಿಗೆ, ಅವುಗಳಲ್ಲಿ ಬರುವ ಒಂದೊಂದು ರೋಗನಾಮದ ಮುಂದೆಯೂ ಈಗಿನ ವೈದ್ಯರ ಹೆಸರೊಂದನ್ನು ಬರೆದು 'ಇದೇ ಅದು' ಎಂದು ನಿರ್ಣಯಿಸಬೇಕೆಂಬ ಆಸೆಯು ಸಹಜವಾಗಿ ಉಂಟಾಗುವುದು. ಚಾಳುಕ್ಯ ರಾಜಪುತ್ರನಾದ ಕೀರ್ತಿವರ್ಮನು ಸುಮಾರು 1125ರಲ್ಲಿ ರಚಿಸಿದ 'ಗೋವೈದ್ಯ'ವಾಗಲಿ, ಅಭಿನವಚಂದ್ರನ 'ಅಶ್ವವೈದ್ಯ'ವಾಗಲಿ, ಸಂಸ್ಕೃತದಲ್ಲಿ ಶಾಲಿಹೋತ್ರ ಪಾಲಕಾಪ್ಯರ ಹೆಸರಿನಲ್ಲಿ ನಡೆದುಬಂದ ಶಾಸ್ತ್ರಗಳಾಗಲಿ ನಿಘಂಟುಕಾರನ ಕೈಗೆ ಬಂದಾಗ ಈ ಪ್ರಶ್ನೆಯು ಎದುರಾಗದಿರದು. ಈ ಸಮೀಕರಣವು ಎಷ್ಟು ದುಸ್ಸಾಧ್ಯವಾದುದೆಂಬುದನ್ನು ಒಂದೇ ಒಂದು ರೋಗದ ಇತಿಹಾಸದಿಂದ ತೋರಿಸಬಹುದು.

ಆ ರೋಗವು ಸರ್ರಾ. ಉತ್ತರದೇಶದ ಮಾತಿನಲ್ಲಿ ಈ ಶಬ್ದಕ್ಕೆ ಕೊಳೆತುದು ಎಂದು ಅರ್ಥ ಹೇಳುವರು. ಕುದುರೆಗೆ ಬಿಟ್ಟುಬಿಟ್ಟು ಜ್ವರ ಬರುವುದು. ಕಾಲುಗಳೂ ಹೊಟ್ಟೆಯ ಕೆಳಭಾಗವೂ ಊದುವುವು. ಮೇವು ತಿನ್ನುತ್ತಿದ್ದರೂ ಮೈ ಒಣಗುತ್ತ ಹೋಗಿ, ಚಿಕಿತ್ಸೆಯಿಲ್ಲದಿದ್ದರೆ ಪ್ರಾಯಶಃ ಮರಣವೇ ಗತಿ. ಒಂಟೆಯಲ್ಲಾದರೋ ಈ ವ್ಯಾಧಿಯು ನಿಧಾನವಾದುದು. ಮೂರು ವರ್ಷಗಳವರೆಗೂ ಎಳೆಯುವುದರಿಂದ ಅದನ್ನು 'ತಿಬರ್ಸಾ' ಎಂದು ಕರೆದರು. ಒಂದಕ್ಕೆ ರೂಪದಿಂದ ಹೆಸರು, ಮತ್ತೊಂದಕ್ಕೆ ಕಾಲದಿಂದ ಹೆಸರು. ಎರಡೂ ಒಂದೇ ರೋಗವೆಂಬುದು ಲಕ್ಷಣಗಳಿಂದ ತಿಳಿಯತಕ್ಕ ಸಂಗತಿಯಲ್ಲ.

1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಸೈನ್ಯದ ಪಶುವೈದ್ಯನನ್ನು ಈ ರೋಗದ ವಿಚಾರಣೆಗಾಗಿ ಡೇರಾ ಇಸ್ಮಾಯಿಲ್ ಖಾನಿಗೆ ಕಳುಹಿಸಿದರು. ಆತನು ರೋಗಿಷ್ಠ ಕುದುರೆಗಳ ರಕ್ತಬಿಂದುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು, ರಕ್ತಕಣಗಳ ನಡುವೆ ಹಾವಿನಂತೆ ಹೊರಳುವ ಜೀವಿಗಳು ಕಂಡವು. ಒಂಟೆಗಳ ರಕ್ತದಲ್ಲಿಯೂ ಅವೇ ಇದ್ದವು. ಸಸ್ತನಿಗಳಲ್ಲಿ ರೋಗವನ್ನುಂಟುಮಾಡುವ ಟ್ರಿಪನೊಸೋಮವನ್ನು ಕಂಡವರಲ್ಲಿ ಇವನೇ ಮೊದಲಿಗನು.

ಆದರೆ ಕಂಡಮಾತ್ರಕ್ಕೆ ಸಿದ್ಧಾಂತವಾಗಲಿಲ್ಲ. ಅದಕ್ಕೆ ಎರಡು ವರ್ಷ ಮೊದಲೇ ಕಲ್ಕತ್ತೆಯಲ್ಲಿ ತಿಮೋತಿ ಲೂಯಿಸನು ಇಲಿಗಳ ರಕ್ತದಲ್ಲಿ ಇಂಥ ಜೀವಿಗಳನ್ನೇ ವರ್ಣಿಸಿದ್ದನು. ಆ ಇಲಿಗಳಾದರೋ ಆರೋಗ್ಯವಾಗಿಯೇ ಇದ್ದವು. ನಮ್ಮ ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಸಾಧ್ಯವಿಲ್ಲದಲ್ಲಿಯೂ ಹೇತುವು ಕಾಣಿಸಿಕೊಂಡಿತು, ಇದು ವ್ಯಭಿಚಾರದೋಷ. ಕ್ರಿಮಿಗಳು ರೋಗದ ಕಾರಣವಲ್ಲ, ರೋಗದ ಜೊತೆಗೆ ಬಂದವು ಎಂಬ ಪೂರ್ವಪಕ್ಷವು ಬಲವಾಗಿಯೇ ನಿಂತಿತು. ಇವಾನ್ಸನು ರೋಗಿಯ ರಕ್ತವನ್ನು ನಿರೋಗಿಗಳಾದ ಕುದುರೆಗೂ ನಾಯಿಗೂ ಸೇರಿಸಿ, ಅವುಗಳ ರಕ್ತದಲ್ಲಿಯೂ ಅದೇ ಜೀವಿಯು ವೃದ್ಧಿಯಾಗಿ ರೋಗವು ತಲೆದೋರುವುದನ್ನು ತೋರಿಸಿದ್ದನು. ಆದರೂ ಅಧಿಕಾರಿಗಳು ಕೂಡಲೆ ಒಪ್ಪಲಿಲ್ಲ. 1895ರಲ್ಲಿ ಡೇವಿಡ್ ಬ್ರೂಸನು ಆಫ್ರಿಕದ ಜೂಲೂಲೆಂಡಿನಲ್ಲಿ ದನಗಳ ನಾಗನಾ ರೋಗಕ್ಕೂ ಇಂತಹ ಜೀವಿಯೇ ಕಾರಣವೆಂದು ಕಂಡ ಮೇಲೆ ಪೂರ್ವಪಕ್ಷವು ಕುಸಿಯಿತು. 1901ರಲ್ಲಿ ಲಿಯೊನಾರ್ಡ್ ರಾಜರ್ಸನು ಕುದುರೆನೊಣಗಳು ಸರ್ರಾವನ್ನು ದಾಟಿಸುವುವೆಂದು ಪ್ರಯೋಗದಿಂದ ತೋರಿಸಿದನು. ಇವಾನ್ಸನಿಗೆ ಪದಕವು ದೊರೆತುದು 1917ರಲ್ಲಿ, ಅವನ ಎಂಬತ್ತೆರಡನೆಯ ವಯಸ್ಸಿನ ಹೊತ್ತಿಗೆ. ನೂರು ವರ್ಷ ಬದುಕಿದ್ದರಿಂದ ಈ ಗೌರವವು ಅವನ ಕಣ್ಣಿಗೆ ಬಿದ್ದಿತು. ಎಲ್ಲರಿಗೂ ಆ ಭಾಗ್ಯವಿಲ್ಲ.

ಸಂದೇಹ ಬಂದಾಗ ರಕ್ತವನ್ನು ಪರೀಕ್ಷಿಸುವುದು ನಮ್ಮ ಪ್ರಾಚೀನರಿಗೆ ಅಪರಿಚಿತವಾಗಿದ್ದಿತೆಂದು ಭಾವಿಸಬಾರದು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ, ಹೊರಬಿದ್ದ ರಕ್ತವು ಶುದ್ಧವೋ ರಕ್ತಪಿತ್ತವೋ ಎಂದು ಸಂಶಯವಾದರೆ ಅದನ್ನು ನಾಯಿಗೂ ಕಾಗೆಗೂ ಇಟ್ಟು ನೋಡಬೇಕೆಂಬ ವಿಧಿಯುಂಟು; ಅವು ತಿಂದರೆ ಶುದ್ಧ, ಬಿಟ್ಟರೆ ದುಷ್ಟ. ವೈದ್ಯನು ತನ್ನ ನಾಲಗೆಯಿಂದ ತಿಳಿಯಲಾಗದುದನ್ನು ಪ್ರಾಣಿಗಳ ವರ್ತನೆಯಿಂದ ಅನುಮಾನಿಸುವ ಈ ಕ್ರಮವು ಪರೀಕ್ಷೆಯಲ್ಲದೆ ಮತ್ತೇನು? ಆದರೆ ಇದರಿಂದ ಚರಕನಿಗೆ ಕ್ರಿಮಿವಿಜ್ಞಾನವು ತಿಳಿದಿತ್ತೆಂದು ಹಿಗ್ಗುವವರ ಜೊತೆಗೆ ನಾನು ಸೇರಲಾರೆ. ಅಲ್ಲಿ ಪರೀಕ್ಷೆಗೊಳಪಟ್ಟುದು ರಕ್ತದ ಗುಣ. ಇಲ್ಲಿ ಪರೀಕ್ಷೆಗೊಳಪಟ್ಟುದು ರಕ್ತದೊಳಗಿರುವ ಬೇರೊಂದು ಜೀವಿಯ ಇರವು.

ರಕ್ತದಲ್ಲಿ ಕ್ರಿಮಿಯು ಕಾಣದಿದ್ದರೆ ರೋಗವಿಲ್ಲವೆಂದು ಹೇಳಬಹುದೇ ಎಂಬುದು ಮತ್ತೊಂದು ಪ್ರಶ್ನೆ. ಜ್ವರವಿರುವಾಗ ಅವು ಹೇರಳವಾಗಿರುವುವು. ಜ್ವರವಿಳಿದಾಗ ಎಷ್ಟು ಹುಡುಕಿದರೂ ಸಿಕ್ಕದಿರಬಹುದು. ಕಾಣದಿರುವಿಕೆಯು ಅಭಾವಕ್ಕೆ ಪ್ರಮಾಣವಾಗಬೇಕಾದರೆ ಆ ವಸ್ತುವು ಅಲ್ಲಿದ್ದರೆ ಕಾಣಲು ಯೋಗ್ಯವಾಗಿರಬೇಕೆಂದು ಭಾಟ್ಟಮೀಮಾಂಸಕರು ವಿಧಿಸಿದ ನಿಯಮವು ಪ್ರಯೋಗಶಾಲೆಗೂ ಸಲ್ಲುವುದು. ಆದುದರಿಂದಲೇ ಒಂದು ಸಲದ ನೋಟಕ್ಕೆ ತೃಪ್ತರಾಗದೆ ಸಂದಿಗ್ಧ ರಕ್ತವನ್ನು ಇಲಿಗಳಿಗೆ ಚುಚ್ಚಿ ಕಾಯುತ್ತಿದ್ದರು. ಇಂದು ರಕ್ತದಲ್ಲಿನ ಪ್ರತಿಕಾಯಗಳನ್ನೂ ಕ್ರಿಮಿಯ ಡಿಎನ್‌ಎಯನ್ನೂ ಹುಡುಕುವ ಪರೀಕ್ಷೆಗಳಿವೆ. ಪ್ರತಿಕಾಯವು ಸಿಕ್ಕರೂ ರೋಗವು ಈಗ ಇದೆಯೋ ಹಿಂದೆ ಇದ್ದುದೋ ಎಂಬ ಸಂದೇಹವು ಉಳಿಯಬಹುದು; ಗುಣವಾದ ಮೇಲೆಯೂ ಪ್ರತಿಕಾಯಗಳು ಕೆಲವು ಕಾಲ ಇರುವುವಷ್ಟೆ.

ದನ ಎಮ್ಮೆಗಳಲ್ಲಿ ಈ ಕ್ರಿಮಿಯಿದ್ದರೂ ಅನೇಕ ವೇಳೆ ಹೊರಗೆ ಯಾವ ಚಿಹ್ನೆಯೂ ತೋರದು. ಅಂಥ ಎಮ್ಮೆಯಿಂದ ನೊಣವು ಕುದುರೆಗೆ ರೋಗವನ್ನು ಒಯ್ಯಬಲ್ಲುದು. ಇಂದಿನ ಪಶುವೈದ್ಯನು ಮೈತುಂಬಿಕೊಂಡು ಹಾಲು ಕೊಡುತ್ತಿರುವ ಆ ಎಮ್ಮೆಯ ರಕ್ತವನ್ನು ನೋಡಿ 'ಇದಕ್ಕೆ ಸರ್ರಾ ತಗಲಿದೆ' ಎನ್ನುವನು. ಆ ಶಬ್ದವನ್ನು ಮೊದಲು ಬಳಸಿದ ಕುದುರೆಯ ಸಾಹಣಿಗೆ ಈ ವಾಕ್ಯವು ಅರ್ಥವಾಗುತ್ತಿರಲಿಲ್ಲ. ಕೊಳೆಯದುದನ್ನು ಕೊಳೆತುದೆಂದು ಕರೆಯುವುದು ಹೇಗೆ? ಶಬ್ದವು ಅದೇ ಉಳಿದು ಅರ್ಥವು ಬದಲಾಯಿತು. ಲಕ್ಷಣಸಮುದಾಯಕ್ಕೆ ವಾಚಕವಾಗಿದ್ದುದು ಕಾರಣಕ್ಕೆ ವಾಚಕವಾಯಿತು.

ಹೀಗಿರುವಲ್ಲಿ, ಮಂತ್ರಗಳೊಡನೆ ಬೆರೆತ ವೈದ್ಯವನ್ನು ಹೇಳುವ ಕೀರ್ತಿವರ್ಮನ ಗ್ರಂಥದ ರೋಗನಾಮಕ್ಕೆ ಇಂದಿನ ಹೆಸರನ್ನು ಹೊಂದಿಸುವ ನಿಘಂಟುಕಾರನು ಯಾವ ರಕ್ತವನ್ನು ನೋಡಿ ನಿರ್ಣಯಿಸುವನು? ಗ್ರಂಥದಲ್ಲಿ ಹೇಳಿದ ಲಕ್ಷಣಗಳನ್ನು ಇದ್ದಂತೆ ಬರೆದು, ಅನ್ಯನಾಮವನ್ನು ಕೊಡಲೇಬೇಕಾದರೆ 'ಇದನ್ನು ಹೋಲುವ' ಎಂಬ ಮಾತನ್ನು ಸೇರಿಸುವುದು ಲೇಸು.