ಒಂದು ದ್ವೀಪವಿಹಾರದ ಮೂರು ಛಾಯಾಚಿತ್ರಗಳು

ಶಾಸನ, ಕಡತ, ಬಖೈರುಗಳನ್ನು ಆಕರಗಳೆಂದು ಒಪ್ಪುವ ನಾವು ಮನೆಯ ಪೆಟ್ಟಿಗೆಯ ಛಾಯಾಚಿತ್ರಗಳನ್ನು ಆ ಪಂಕ್ತಿಯಲ್ಲಿ ಕೂರಿಸಲು ಹಿಂಜರಿಯುತ್ತೇವೆ. ಈ ಹಿಂಜರಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರೀಕ್ಷಿಸಲು ಈ ಲೇಖಕನ ಮನೆಯಲ್ಲಿ ದೊರೆತ ಮೂರು ಚಿತ್ರಗಳು ಸಾಕು. ಮೂರರಲ್ಲಿಯೂ ಉಡುಪುಗಳು ಅವೇ ಆದುದರಿಂದ ಇವು ಒಂದೇ ದಿನದವು.

ಸ್ಥಳದ ವಿಷಯದಲ್ಲಿ ಸಂದೇಹಕ್ಕೆಡೆಯಿಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳ ಕಲ್ಲುಕಂಬಗಳು ಕುಳಿತವರ ಬೆನ್ನ ಹಿಂದೆ ಸ್ಪಷ್ಟವಾಗಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ ಲಾವಾರಸ ತಣಿದು ಬಿರಿದು ಆದವು ಇವು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದನೆಂಬ ಐತಿಹ್ಯವುಂಟು. ನಮ್ಮವರು ಇಳಿದದ್ದು ಬುತ್ತಿಯ ಗಂಟಿನೊಡನೆ.

ತೊಡಕಿರುವುದು ಕಾಲನಿರ್ಣಯದಲ್ಲಿ. ಒಂದು ಚಿತ್ರದ ಬೆನ್ನಿಗೆ ನನ್ನ ಅಜ್ಜನ ಅಕ್ಷರದಲ್ಲಿ ‘1954’ ಎಂದಿದೆ. ಅದೇ ಬೆನ್ನಿನ ಮೂಲೆಯಲ್ಲಿ, ಪ್ರತಿ ಮಾಡಿಕೊಟ್ಟವನು ಪೆನ್ಸಿಲಿನಿಂದ ಗುರುತಿಸಿದ ಬೆಲೆ ‘40 ನ.ಪೈ.’ ನಯಾ ಪೈಸೆ ಚಲಾವಣೆಗೆ ಬಂದದ್ದು 1957ರ ಏಪ್ರಿಲ್ 1ರಂದು. ‘ನಯಾ’ ಎಂಬ ವಿಶೇಷಣವನ್ನು ಕೈಬಿಟ್ಟದ್ದು 1964ರ ಜೂನ್ 1ರಂದು. ಪ್ರತಿಯೇನೋ ಆ ಅವಧಿಯದು. ಆದರೆ ಹಳೆಯ ನೆಗೆಟಿವಿನಿಂದ ತರುವಾಯ ಪ್ರತಿ ಮಾಡಿಸಿರಬಹುದಲ್ಲವೆ? ಪ್ರಶ್ನೆ ಕ್ಷುಲ್ಲಕವಲ್ಲ. ದಕ್ಷಿಣ ಕನ್ನಡವು ಮೈಸೂರು ರಾಜ್ಯವನ್ನು ಸೇರಿದ್ದು 1956ರ ನವೆಂಬರ್ 1ರಂದು. ಅಜ್ಜನ ಬರಹ ನಿಜವಾದರೆ ಅಂದು ದೋಣಿ ಹತ್ತಿದವರು ಮದರಾಸು ರಾಜ್ಯದವರು.

ನಿರ್ಣಯ ದೊರೆತದ್ದು ಅಜ್ಜಿಯ ಮಡಿಲಿನ ಕೂಸಿನಿಂದ. ಕಿವಿಯ ಬಳಿಯ ಮಚ್ಚೆಯನ್ನು ತೋರಿಸಿ, ಅದು ನನ್ನ ತಂದೆಯೆಂದು ಅಜ್ಜನ ತಂಗಿ ಗುರುತಿಸಿದರು. ತಂದೆ ಜನಿಸಿದ್ದು 1959ರಲ್ಲಿ. ಪೂಜ್ಯರ ಕೈಬರಹವೂ ತಪ್ಪುತ್ತದೆ.

ಮಲ್ಪೆಯ ತೀರದಲ್ಲಿ ತೆಗೆದ ಚಿತ್ರವು ಇನ್ನೂ ಬೆಲೆಯುಳ್ಳದ್ದು. ಹಿನ್ನೆಲೆಯಲ್ಲಿ ಹತ್ತಾರು ಮಂದಿ ಸಾಲಾಗಿ ರಂಪಣಿ ಬಲೆಯನ್ನು ದಡಕ್ಕೆಳೆಯುತ್ತಿದ್ದಾರೆ. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಕ್ಷೀಣಿಸಿದ ಈ ಸಾಮೂಹಿಕ ಮೀನುಗಾರಿಕೆಯನ್ನು ಚಿತ್ರಗಾರನು ಉದ್ದೇಶಿಸಿ ಹಿಡಿದಿರಲಾರ. ಅವನ ಗಮನವೆಲ್ಲ ನಮ್ಮವರ ಮೇಲೆಯೇ.

ಮೂರನೆಯ ಚಿತ್ರದ ಅಂಚಿನಲ್ಲಿ, ಹುಟ್ಟು ಹಿಡಿದು ನಿಂತ ಒಬ್ಬನಿದ್ದಾನೆ. ಅರ್ಧ ಮುಖ ಚೌಕಟ್ಟಿನ ಹೊರಗೆ. ಬೆನ್ನಿಗೆ ಒಂಬತ್ತು ಹೆಸರುಗಳಿವೆ, ಚಿತ್ರದಲ್ಲಿ ಹತ್ತು ಜನ. ಕೇಳಿದಾಗ ಆ ಹಿರಿಯರು “ದೋಣಿಯವ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೆಸರು ನಾವು ಕೇಳಲೇ ಇಲ್ಲ” ಎಂದರು. ಅವರೀಗ ಇಲ್ಲ. ಆ ಚಿತ್ರವನ್ನು ದೊಡ್ಡದಾಗಿ ಪ್ರತಿ ಮಾಡಿಸಿದ್ದೇನೆ. ಮಳೆಗಾಲ ಕಳೆದ ಮೇಲೆ ಮಲ್ಪೆಯ ಹಿರಿಯರಿಗೆ ತೋರಿಸಬೇಕಾಗಿದೆ.